ಉಡಿದಾರದ ಬೀಗದಕೈ

ತಿಮ್ಮೇಶ ಫ್ರಾನ್ಸಿಗೆ ಹೋದದ್ದು ಕುರಿ ನೋಡುವುದಕ್ಕೆ ಅಂತ ಊರೆಲ್ಲ ಅಂದುಕೊಂಡಿತ್ತು. ಅವನು ಹೋದದ್ದು ಚಿಕ್ಕಬೀರಪ್ಪನ ಮೇಲೆ ಸೇಡು ತೀರಿಸಿಕೊಳ್ಳುವುದಕ್ಕೆ ಅಂತ ಹೆಂಡತಿ ಹೇಮಾವತಿ ಒಬ್ಬಳಿಗೆ ಗೊತ್ತಿತ್ತು. ಅವನೇನೂ ಬಾಯಿ ಬಿಟ್ಟು ಹೇಳಿರಲಿಲ್ಲ. ಆದರೆ ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಬೆನ್ನು ನೋಡಿದರೂ ಸಾಕು.

"ಅಷ್ಟು ದೂರ ಹೋಗಿ ಅವನ ಹತ್ರ ಜಗಳ ತೆಗೀಬೇಡಿ ಕಣ್ರೀ," ಅಂದಿದ್ದಳು, ಬ್ಯಾಗಿನಲ್ಲಿ ಚಟ್ನಿಪುಡಿ ಡಬ್ಬಿಗೆ ಜಾಗ ಮಾಡುತ್ತಾ.

"ಮಾತೇ ಆಡಲ್ಲ ನಾವು. ಜಗಳ ಎಲ್ಲಿಂದ ಬತ್ತದೆ?"

"ಅದಕ್ಕೇ ಹೇಳಿದ್ದು. ಮಾತಾಡೋರ ಜಗಳಕ್ಕೆ ನಾನು ಹೆದರಲ್ಲ."

ಶಿವನಿ ಸುತ್ತಿನ ಕುರಿ ಸಾಕುವವರ ಸಂಘಕ್ಕೆ ಅದ್ಯಾವುದೋ ಯೋಜನೆಯಲ್ಲಿ ವಿದೇಶ ಪ್ರವಾಸ ಬಂದಿತ್ತು. ಫ್ರಾನ್ಸ್ ದೇಶದ ಒಂದು ಸಣ್ಣ ಊರಿನಲ್ಲಿ ಕುರಿ ಹಾಲಿನಿಂದ ಗಿಣ್ಣಿನಂಥದ್ದೇನೋ ಮಾಡುತ್ತಾರೆ, ಅದನ್ನು ನೋಡಿ ಕಲಿತು ಬರಬೇಕು ಅಂತ. ಆರು ಜನರ ತಂಡ. ಮುಂದಾಳು ಸಂಘದ ಅಧ್ಯಕ್ಷ ಉಮರ್ ಫಾರೂಕ್, ತರೀಕೆರೆಯವರು. ಅವರ ಮನೆತನದ್ದು ಅಜ್ಜನ ಕಾಲದಿಂದ ಕುರಿ ವ್ಯಾಪಾರ. ಮನೆಯಲ್ಲಿ ದಖನಿ, ಸಂತೆಯಲ್ಲಿ ಕನ್ನಡ, ಆಫೀಸಿನಲ್ಲಿ ಮೌನ ಅನ್ನುವುದು ಅವರ ಪದ್ಧತಿ. ಆಫೀಸಿನ ಮಾತಿಗೆ ತಿಮ್ಮೇಶ ಇದ್ದ. ಹಗಲು ಸಂಘದ ಕೆಲಸ ಮಾಡಿ, ಕಡೂರಿಗೆ ರೈಲಿನಲ್ಲಿ ಹೋಗಿ ಬಂದು ಸಂಜೆ ತರಗತಿಯಲ್ಲಿ ಬಿ.ಎ. ಮುಗಿಸಿದವನು. ಬಾಗಿಲಿಗೆ ಬೀಗ ಹಾಕಿ ಬೀದಿ ದಾಟಿದ ಮೇಲೆ ಮತ್ತೆ ಬಂದು ಜಗ್ಗಿ ನೋಡುವ ಜಾತಿ. ಹಾಗಾಗಿ ಆರೂ ಜನರ ಪಾಸ್‌ಪೋರ್ಟು ಅವನ ಎದೆಗೆ ನೇತುಹಾಕಿದ ಚೀಲದಲ್ಲಿದ್ದವು.

ಹೆಚ್ಚು ಕುರಿ ಇದ್ದವನು ಅಂತ ಚಿಕ್ಕಬೀರಪ್ಪನ ಹೆಸರೂ ಬಂದಿತ್ತು. ಅವನು ತಿಮ್ಮೇಶನಿಗೆ ದಾಯಾದಿ, ದೊಡ್ಡಪ್ಪನ ಮಗ. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವನು. ಒಂದು ಕಾಲಕ್ಕೆ ಬೀರಣ್ಣ, ಈಗ 'ಅವನು'.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಬಾಗಿಲು ದಾಟುವಾಗ ಚಿಕ್ಕಬೀರಪ್ಪನ ಸೊಂಟ ಕೀಂ ಅಂದಿತು. ಹಿಂದೆ ಕಳಿಸಿದರು, ಮತ್ತೆ ಕೀಂ ಅಂದಿತು. ಅಂಗಿ ಎತ್ತಿಸಿ ನೋಡಿದರೆ ಕರಿ ಉಡಿದಾರ, ಅದಕ್ಕೆ ಗಂಟು ಹಾಕಿದ ಒಂದು ಕಬ್ಬಿಣದ ಬೀಗದಕೈ.

"ಬಿಚ್ಚಿ ಟ್ರೇನಲ್ಲಿ ಹಾಕಿ," ಅಂದ ಕಾವಲಿನವನು.

"ಉಡಿದಾರ ಬಿಚ್ಚೋದು ಸತ್ತಾಗ್ಲೇ ಕಣಪ್ಪ. ನಾನಿನ್ನೂ ಸತ್ತಿಲ್ಲ," ಅಂದ ಚಿಕ್ಕಬೀರಪ್ಪ, ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಳ್ಳುತ್ತಾ.

ಫಾರೂಕ್ ಸಾಹೇಬರು ಮಧ್ಯೆ ಹೋಗಿ ಏನೇನೋ ಹೇಳಿ ನಗಿಸಿದರು. ಕಾವಲಿನವನು ಬೀಗದಕೈ ಮುಟ್ಟಿ ನೋಡಿ ಬಿಟ್ಟ. ಸಾಲಿನಲ್ಲಿದ್ದವರೆಲ್ಲ ನಕ್ಕರು. ತಿಮ್ಮೇಶ ನಗಲಿಲ್ಲ. ಆ ಬೀಗದಕೈ ಯಾವ ಬೀಗದ್ದು ಅಂತ ಅವನಿಗೆ ಗೊತ್ತಿತ್ತು.

ಕಳೆದ ಕಾರ್ತಿಕದಲ್ಲಿ ತಿಮ್ಮೇಶನ ತಾಯಿ ಭಾಗಮ್ಮ ತೀರಿಕೊಂಡಿದ್ದಳು. ಅವರ ಪೈಕಿಯವರನ್ನು ಹೂಳುವ ಜಾಗಕ್ಕೆ ಹೋಗುವ ದಾರಿ ಚಿಕ್ಕಬೀರಪ್ಪನ ಹೊಲದ ಅಂಚಿನಲ್ಲೇ. ತಾತ ಮುತ್ತಾತಂದಿರೆಲ್ಲ ಅದೇ ದಾರಿಯಲ್ಲಿ ಹೋದವರು. ಅದಕ್ಕೆ ಕೆಲವು ತಿಂಗಳ ಮುಂಚೆ ತಿಮ್ಮೇಶನ ಕುರಿಗಳು ಚಿಕ್ಕಬೀರಪ್ಪನ ಈರುಳ್ಳಿ ಪೈರಿಗೆ ನುಗ್ಗಿದ್ದವು. ಮಾತಿಗೆ ಮಾತು ಬೆಳೆದು ಎರಡು ಮನೆಯೂ ಬಾಯಿ ಮುಚ್ಚಿಕೊಂಡವು. ನೀರು ಬೆಂಕಿ ಕೊಟ್ಟು ತರುವುದೂ ನಿಂತಿತು. ಚಿಕ್ಕಬೀರಪ್ಪ ಹೊಲದ ಸುತ್ತ ತಂತಿ ಬೇಲಿ ಹಾಕಿಸಿ, ದಾರಿಗೆ ಗೇಟು ನಿಲ್ಲಿಸಿ, ಬೀಗ ಜಡಿದ.

ಚಟ್ಟ ಹೊತ್ತ ನಾಲ್ವರು ಆ ಗೇಟಿನ ಮುಂದೆ ಬಂದು ನಿಂತರು. ಮಡಕೆ ಹಿಡಿದ ತಿಮ್ಮೇಶ ಎಲ್ಲರಿಗಿಂತ ಮುಂದೆ. ಬೇಲಿಯ ಒಳಗೆ, ಕೂಗಳತೆಯಲ್ಲಿ, ಚಿಕ್ಕಬೀರಪ್ಪನ ಕುರಿ ಶೆಡ್ಡು. ಶೆಡ್ಡಿನ ಮುಂದೆ ಅವನ ನಾಯಿ ಮಲಗಿತ್ತು. ಅಂದರೆ ಒಳಗೆ ಅವನಿದ್ದ.

"ಬೀರಪ್ಪಾ, ಬೀಗ ತೆಗಿಯೋ! ನಿಮ್ಮ ಚಿಕ್ಕವ್ವ ಬಂದವ್ಳೆ!" ಅಂತ ಊರಿನ ಹಿರಿಯ ಕರಿಯಣ್ಣ ಕೂಗಿದ. ಮತ್ತೆ ಕೂಗಿದ. ಗಂಟಲು ಒಡೆಯುವ ಹಾಗೆ ಕೂಗಿದ. ನಾಯಿ ಎದ್ದು ಬಾಲ ಆಡಿಸಿತು, ಅಷ್ಟೇ.

ಹೊತ್ತ ಹೆಣ ಹಿಂದಕ್ಕೆ ತಿರುಗಬಾರದು ಅಂತ ಎಲ್ಲರಿಗೂ ಗೊತ್ತು. ಆದರೂ ತಿರುಗಿಸಿದರು. ಹಳ್ಳದ ಬದಿಯಿಂದ ಸುತ್ತಿ ಹೋಗುವಾಗ ಹಿಂದಿನ ದಿನದ ಮಳೆಗೆ ನೆಂದ ಮಣ್ಣಲ್ಲಿ ಒಬ್ಬನ ಕಾಲು ಜಾರಿತು. ಚಟ್ಟ ವಾಲಿ, ಭಾಗಮ್ಮನ ಒಂದು ಕಡೆಯ ಮೈಯೆಲ್ಲ ಕೆಸರಾಯಿತು. ಮುಖದ ಕೆಸರನ್ನು ತಿಮ್ಮೇಶ ತನ್ನ ಟವೆಲಿನಿಂದ ಒರೆಸಿದ. ಕಿವಿಯೊಳಗಿನ ಕೆಸರು ಒರೆಸಲು ಬರಲಿಲ್ಲ. ಹಾಗೆಯೇ ಹೂತರು.

ಆ ಕಿವಿ ಅವನ ತಲೆಯಿಂದ ಹೋಗಲೇ ಇಲ್ಲ. ಸಂಘದಲ್ಲಿ ಲೆಕ್ಕ ಬರೆಯುವಾಗ, ಉಣ್ಣುವಾಗ, ಕುರಿಗೆ ಸೊಪ್ಪು ಹಾಕುವಾಗ, ಇದ್ದಕ್ಕಿದ್ದಂತೆ ಕೆಸರು ತುಂಬಿದ ಆ ಕಿವಿ. ಚಿಕ್ಕಂದಿನಲ್ಲಿ ತಾಯಿ ಇಲ್ಲದ ಬೀರಪ್ಪನಿಗೆ ಅದೇ ಭಾಗಮ್ಮ ಕೈತುತ್ತು ಹಾಕಿ ಬೆಳೆಸಿದ್ದಳು. ಇದನ್ನು ನೆನೆದಾಗಲೆಲ್ಲ ತಿಮ್ಮೇಶ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದುಬಿಡುತ್ತಿದ್ದ. ಹೊಡೆಯೋಣವೆಂದರೆ ಕೈ ಏಳದ ಸ್ವಭಾವ. ಕೋರ್ಟಿಗೆ ಹೋಗೋಣವೆಂದರೆ, ಹೆಣಕ್ಕೆ ದಾರಿ ಕೊಡಲಿಲ್ಲ ಅಂತ ಯಾವ ಬಾಯಲ್ಲಿ ಹೇಳುವುದು? ಹೀಗೆ ಅಳೆದು ಸುರಿದು ಒಂದು ವರ್ಷ ಆಗುತ್ತಾ ಬಂದಾಗ ಈ ಪ್ರವಾಸ ಬಂತು. ದಾರಿ ಮುಚ್ಚಿದವನಿಗೆ ದಾರಿ ಮುಚ್ಚಬೇಕು ಅಂತ ಆಗ ಹೊಳೆಯಿತು.

ಯೋಚನೆ ಸರಳವಾಗಿತ್ತು. ಚಿಕ್ಕಬೀರಪ್ಪನಿಗೆ ಕನ್ನಡ ಬಿಟ್ಟು ಒಂದಕ್ಷರ ಬರುವುದಿಲ್ಲ. ಫೋನು ಅಲ್ಲಿ ಹತ್ತುವುದಿಲ್ಲ. ಪಾಸ್‌ಪೋರ್ಟು ತಿಮ್ಮೇಶನ ಎದೆಯ ಮೇಲೆ. ಆ ಊರಿನ ಯಾವುದಾದರೂ ಓಣಿಯಲ್ಲಿ ಅವನನ್ನು ಬಿಟ್ಟು ತಂಡದ ಜೊತೆ ವ್ಯಾನು ಹತ್ತುವುದು. ಎಲ್ಲಿ ಅಂತ ಕೇಳಿದರೆ, ಮಾತಾಡದವನ ವಿಷಯ ನನಗೇನು ಗೊತ್ತು ಅನ್ನುವುದು. ಗೋಗರೆದರೂ ಯಾರಿಗೂ ಅರ್ಥವಾಗದ ಜಾಗದಲ್ಲಿ ಅವನು ಬಾಗಿಲು ಬಾಗಿಲು ತಟ್ಟಬೇಕು. ಆಮೇಲೆ ಪೊಲೀಸರು ಹುಡುಕಿಕೊಡುತ್ತಾರೆ, ಜೀವಕ್ಕೇನೂ ಆಗುವುದಿಲ್ಲ. ಆ ತಿಂಗಳಲ್ಲಿ ಅಲ್ಲಿ ಚಳಿ ಎಷ್ಟಿರುತ್ತದೆ ಅಂತ ಕೂಡ ತಿಮ್ಮೇಶ ಮೊದಲೇ ವಿಚಾರಿಸಿಕೊಂಡಿದ್ದ. ಸೇಡು ಬೇಕಿತ್ತು, ಪಾಪ ಬೇಡವಾಗಿತ್ತು.

ಆ ಊರಿನ ಹೆಸರು ಮೋಂಬ್ರೆಲ್. ಗುಡ್ಡದ ಮೈಗೆ ಅಂಟಿಕೊಂಡ ಕಲ್ಲಿನ ಮನೆಗಳು, ಕಪ್ಪು ಕಲ್ಲುಹಲಗೆಯ ಸೂರು, ಬಣ್ಣ ಮಾಸಿದ ನೀಲಿ ಕಿಟಕಿ ಬಾಗಿಲು. ಊರಾಚೆಯ ಕುರಿ ತೋಟದ ಮನೆಯಲ್ಲಿ ತಂಡ ಇಳಿದಿತ್ತು. ಎರಡನೇ ದಿನ ಫಾರೂಕ್ ಸಾಹೇಬರಿಗೆ ಹೊಟ್ಟೆ ಕೆಟ್ಟಿತು.

"ಹಾಲು ಹುಳಿಯಾದ್ರೆ ನಾವು ಚೆಲ್ತೀವಿ, ಇವ್ರು ವರ್ಷಗಟ್ಲೆ ಇಟ್ಟು ಹಬ್ಬ ಮಾಡ್ತಾರೆ," ಅಂತ ನರಳುತ್ತಾ ಮಂಚದ ಮೇಲೆ ಮುದುಡಿದರು. "ತಿಮ್ಮೇಶ್, ಊರೊಳಗೆ ಹೋಗಿ ಮಾತ್ರೆ ತಂದುಬಿಡಪ್ಪಾ. ಮುಂದಿನ ಊರಿಗೆ ನಾಲ್ಕಕ್ಕೆ ವ್ಯಾನ್ ಹೊರಡ್ತದೆ. ಬೀರಪ್ಪ, ನೀನೂ ಹೋಗು ಜೊತೆಗೆ. ಒಬ್ಬನೇ ಯಾಕೆ?"

ಉಳಿದ ಮೂವರು ಗಿಣ್ಣು ಮಾಡುವ ಮನೆ ನೋಡಲು ಹೋಗಿದ್ದರು. ಫಾರೂಕ್ ಸಾಹೇಬರು ಬೇಕಂತಲೇ ಇಬ್ಬರನ್ನು ಒಟ್ಟು ಕಳಿಸುತ್ತಿದ್ದಾರೆ ಅಂತ ತಿಮ್ಮೇಶನಿಗೆ ಗೊತ್ತಾಯಿತು. ಅವರು ರಾಜಿಗೆ ದಾರಿ ಮಾಡಿಕೊಟ್ಟರು, ಇವನು ತನ್ನ ದಾರಿ ಕಂಡುಕೊಂಡ.

ಮಧ್ಯಾಹ್ನದ ಹೊತ್ತು. ಊರಿನ ಚೌಕದಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಔಷಧಿ ಅಂಗಡಿಯ ಬಾಗಿಲಲ್ಲಿ ಎರಡು ಗಂಟೆಯವರೆಗೆ ಮುಚ್ಚಿದೆ ಅಂತ ಹಲಗೆ. ಬ್ರೆಡ್ಡಿನ ಅಂಗಡಿಯೂ ಮುಚ್ಚಿತ್ತು. ಎಲ್ಲರೂ ಒಳಗೆ ಉಣ್ಣುತ್ತಿದ್ದಾರೆ ಅನ್ನುವುದಕ್ಕೆ ಎಲ್ಲೋ ತಟ್ಟೆಗೆ ಚಮಚ ತಾಗಿದ ಸದ್ದು ಮಾತ್ರ. ಮಧ್ಯದ ಕಾರಂಜಿಯಲ್ಲಿ ನೀರು ಸೊರಸೊರ ಸುರಿಯುತ್ತಿತ್ತು. ಶಿವನಿ ಸ್ಟೇಷನ್ನಿನಲ್ಲಿ ರೈಲು ಹೋದ ಮೇಲೆ ಉಳಿಯುವ ಮೌನವನ್ನು ಇಲ್ಲಿ ಇಡೀ ಊರಿಗೆ ಹಂಚಿದ್ದಾರೆ ಅನ್ನಿಸಿತು ತಿಮ್ಮೇಶನಿಗೆ. ಇದಕ್ಕಿಂತ ಒಳ್ಳೆ ಜಾಗ ಸಿಕ್ಕುವುದಿಲ್ಲ.

ಕಾರಂಜಿ ಪಕ್ಕದಲ್ಲಿ ಯಾವುದೋ ಯುದ್ಧದಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲಿನ ಸಿಪಾಯಿ. ಚಿಕ್ಕಬೀರಪ್ಪ ಅದರ ಕಟ್ಟೆ ಮೇಲೆ ಕೂತು, ಸಿಪಾಯಿಯ ಮುಖ ನೋಡಿ ಹೇಳಿದ:

"ಏನಪ್ಪಾ ಕಲ್ಲಪ್ಪ, ಅಂಗಡಿ ಯಾವಾಗ ತೆಗೀತಾರೆ ಅಂತ ಬರೆದೈತೇನೋ ಕೇಳು."

ಮಾತು ಬಿಟ್ಟ ಮೇಲೆ ಇಬ್ಬರೂ ಹೀಗೇ. ಊರಲ್ಲಾದರೆ ಲೈಟು ಕಂಬಕ್ಕೆ, ಎಮ್ಮೆಗೆ, ಗೋಡೆಗೆ ಹೇಳುತ್ತಿದ್ದರು. ತಿಮ್ಮೇಶನೂ ಸಿಪಾಯಿಗೇ ಹೇಳಿದ:

"ಕಲ್ಲಪ್ಪ, ಎರಡು ಗಂಟೆಗೆ ಅಂತ ಹೇಳು. ಅಲ್ಲೀಗಂಟ ಕೂತವರು ಅಲ್ಲೇ ಕೂತಿರ್ಲಿ. ನಾನು ಆ ಕಡೆ ಬೇರೆ ಅಂಗಡಿ ಐತಾ ನೋಡ್ಕಂಡು ಬತ್ತೀನಿ."

"ಹೂಂ ಅಂತ ಹೇಳಪ್ಪ. ಕೂತಿರ್ತೀನಿ."

ಇಷ್ಟೇ ಸಾಕಾಗಿತ್ತು. ತಿಮ್ಮೇಶ ಬದಿಯ ಓಣಿಗೆ ತಿರುಗಿದ. ಎದೆಯ ಚೀಲ ಒತ್ತಿ ನೋಡಿಕೊಂಡ. ಕಾಲು ಬೇಗ ಬೇಗ ಎತ್ತಿ ಹಾಕಿದ. ಇನ್ನೊಂದು ತಿರುವು ದಾಟಿದರೆ ತೋಟಕ್ಕೆ ಹೋಗುವ ರಸ್ತೆ. ಅಲ್ಲಿ ಅವನ ಕಾಲು ನಿಂತಿತು. ಅವನು ಹೇಳಿದ ಹಾಗೆ ಕೂತೇ ಇರುತ್ತಾನಾ? ಎದ್ದು ಬೇರೆ ದಾರಿಯಲ್ಲಿ ಬಂದುಬಿಟ್ಟರೆ? ಬೀಗ ಜಗ್ಗಿ ನೋಡುವ ಬುದ್ಧಿ ಇಲ್ಲೂ ಬಿಡಲಿಲ್ಲ. ಒಂದು ಸಲ ಇಣುಕಿ ನೋಡಿ ಬರೋಣ ಅಂತ ವಾಪಸು ಬಂದ.

ಅಷ್ಟರಲ್ಲಿ ಗಂಟೆ ಹೊಡೆಯಲು ಶುರುವಾಯಿತು. ಒಂದು ಹೊಡೆತ, ಬಹಳ ಹೊತ್ತು ಸುಮ್ಮನೆ, ಮತ್ತೆ ಒಂದು ಹೊಡೆತ. ಯಾವ ದೇಶದ್ದಾದರೂ ಆ ಗಂಟೆ ಯಾತಕ್ಕೆ ಅಂತ ಹೇಳಿಕೊಡಬೇಕಾಗಿಲ್ಲ. ಚೌಕದ ಮೂಲೆಯ ಚರ್ಚಿನಿಂದ ಒಂದು ಶವಪೆಟ್ಟಿಗೆ ಹೊರಬಂತು. ಹೊತ್ತ ನಾಲ್ವರೂ ಮುದುಕರು. ಹಿಂದೆ ಪಾದ್ರಿಯ ತೋಳು ಹಿಡಿದ ಒಬ್ಬ ಮುದುಕಿ, ಅವಳ ಹಿಂದೆ ಏಳೆಂಟು ಜನ, ಅವರೂ ನರೆತವರೇ. ಆ ಊರಿನಲ್ಲಿ ಹೊರುವ ಪ್ರಾಯದವರೇ ಉಳಿದಿಲ್ಲವೇನೋ. ಪೆಟ್ಟಿಗೆಯ ಮೇಲೆ ಹೂವಿನ ಜೊತೆ ಚರ್ಮದ ಪಟ್ಟಿಯ ಒಂದು ಕುರಿ ಗಂಟೆ ಇಟ್ಟಿದ್ದರು. ಹೆಜ್ಜೆ ಹಾಕಿದಂತೆಲ್ಲ ಅದು ಕಿಣಿಕಿಣಿ ಅನ್ನುತ್ತಿತ್ತು.

ಚಿಕ್ಕಬೀರಪ್ಪ ಕಟ್ಟೆಯಿಂದ ಇಳಿದು ತಲೆಯ ಟವೆಲು ತೆಗೆದು ನಿಂತಿದ್ದ. ಸ್ಮಶಾನಕ್ಕೆ ಹೋಗುವುದು ಗುಡ್ಡದ ಏರಿನ ಓಣಿ, ಗಾಡಿ ಹತ್ತದಷ್ಟು ಕಿರಿದು. ಏರು ಶುರುವಾದಲ್ಲೇ ಮುಂದೆ ಹೊತ್ತಿದ್ದವನ ಮಂಡಿ ನಡುಗಿತು. ಪೆಟ್ಟಿಗೆ ವಾಲಿತು. ಮುದುಕಿ ಬಾಯಿಗೆ ಕೈ ಇಟ್ಟುಕೊಂಡಳು. ತಿಮ್ಮೇಶ ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಚಿಕ್ಕಬೀರಪ್ಪನ ಹೆಗಲು ಪೆಟ್ಟಿಗೆಯ ಕೆಳಗಿತ್ತು. ನಡುಗುತ್ತಿದ್ದ ಮುದುಕ ಪಕ್ಕಕ್ಕೆ ಸರಿದು ಗೋಡೆ ಹಿಡಿದುಕೊಂಡ.

"ಕುರಿಯವನ ಹೆಣ ಕಣೋ," ಅಂತ ಚಿಕ್ಕಬೀರಪ್ಪ ಕಲ್ಲಿನ ಸಿಪಾಯಿಯ ಕಡೆ ನೋಡಿ ಕೂಗಿದ. "ಈ ಕಡೆಯವನೂ ಸೋತವ್ನೆ. ಇನ್ನೊಂದು ಹೆಗಲು ಬೇಕು!"

ಶಿವನಿ ಕಡೆ ಹೆಗಲು ಕೇಳಿದ ಮೇಲೆ ಇಲ್ಲ ಅನ್ನುವ ಹಾಗಿಲ್ಲ. ವೈರಿಯ ಮನೆ ಹೆಣವಾದರೂ ಇಲ್ಲ ಅನ್ನುವ ಹಾಗಿಲ್ಲ. ತಿಮ್ಮೇಶ ಹೋಗಿ ಎಡಗಡೆಗೆ ಹೆಗಲು ಕೊಟ್ಟ. ಪೆಟ್ಟಿಗೆಯ ಆ ಬದಿ ಅವನು, ಈ ಬದಿ ಇವನು, ಹಿಂದೆ ಇಬ್ಬರು ಮುದುಕರು. ಇಷ್ಟು ಹತ್ತಿರ ಅವರು ನಿಂತು ವರ್ಷವಾಗಿತ್ತು. ಚಿಕ್ಕಬೀರಪ್ಪನ ಕಂಬಳಿಯ ಕುರಿವಾಸನೆ ಮೂಗಿಗೆ ಬಡಿಯಿತು.

ಏರು ಹತ್ತುತ್ತಾ ಹೋದಂತೆ ತಿಮ್ಮೇಶನ ಸಿಟ್ಟೂ ಏರಿತು. ಹೆಸರು ಗೊತ್ತಿಲ್ಲದವನ ಹೆಣಕ್ಕೆ ಕರೆಯದೆ ಬಂದು ಹೆಗಲು ಕೊಡುತ್ತಾನೆ. ಕೈತುತ್ತು ಕೊಟ್ಟವಳ ಹೆಣಕ್ಕೆ ಬೀಗ ತೆಗೆಯುವುದಿಲ್ಲ. ಇವನಿಗೆ ಗೊತ್ತಿಲ್ಲದೆ ಆದ ತಪ್ಪಲ್ಲ ಅದು. ಹೆಣದ ಮರ್ಯಾದೆ ಏನು ಅಂತ ಇವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮಾಡಿದ.

ಓಣಿಯ ತುದಿಗೆ ಸ್ಮಶಾನದ ಗೋಡೆ. ಕುರಿ ನುಗ್ಗಬಾರದು ಅಂತ ಕಬ್ಬಿಣದ ಗೇಟು ಹಾಕಿ ಮುಚ್ಚಿದ್ದರು. ಬೀಗವಿರಲಿಲ್ಲ, ಹಿಡಿ ಒತ್ತಿದರೆ ಸಾಕು. ಆ ಹಿಡಿ ತಿಮ್ಮೇಶನ ಕೈಗೆ ಸಿಗುವಂತಿತ್ತು. ಅವನು ಅದರ ಮೇಲೆ ಕೈ ಇಟ್ಟ. ಒತ್ತಲಿಲ್ಲ.

ಕುರಿ ಗಂಟೆಯ ಕಿಣಿಕಿಣಿ ನಿಂತಿತು.

"ಅವತ್ತು ಬೀಗದಕೈ ಎಲ್ಲಿತ್ತು?" ಅಂದ ತಿಮ್ಮೇಶ. ಸಿಪಾಯಿಗಲ್ಲ, ಕಂಬಕ್ಕಲ್ಲ. ನೇರ ಚಿಕ್ಕಬೀರಪ್ಪನಿಗೆ.

ಚಿಕ್ಕಬೀರಪ್ಪ ಪೆಟ್ಟಿಗೆಯ ಅಡಿಯಿಂದ ತಲೆ ಹೊರಳಿಸಿದ. "ಏನ್ಲಾ ಇದು? ಹೆಣ ಹೊತ್ಕಂಡು ಕೇಳೋ ಮಾತಾ? ತೆಗಿ ಗೇಟು."

"ಎಲ್ಲಿತ್ತು ಬೀಗದಕೈ?"

"ಲೇ, ಮಂದಿ ನೋಡ್ತಾವ್ರೆ ಕಣೋ."

"ಅವತ್ತೂ ನೋಡ್ತಿದ್ರು."

ಹಿಂದಿನ ಮುದುಕ ಏನೋ ಕೇಳಿದ. ಗೇಟು ಸಿಕ್ಕಿಹಾಕಿಕೊಂಡಿದೆಯಾ ಅಂತ ಇರಬೇಕು. ತಿಮ್ಮೇಶ ಹಿಡಿಯಿಂದ ಕೈ ತೆಗೆಯಲಿಲ್ಲ. ಏರಿನಲ್ಲಿ ನಿಂತ ಪೆಟ್ಟಿಗೆಯ ಭಾರ ಹೆಗಲ ಮೂಳೆಗೆ ಇಳಿಯುತ್ತಿತ್ತು. ಇಬ್ಬರಿಗೂ ಇಳಿಯುತ್ತಿತ್ತು. ಚಿಕ್ಕಬೀರಪ್ಪನ ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಸೊಂಟದಾಗೇ ಇತ್ತು," ಅಂದ.

"ಕರಿಯಣ್ಣ ಕೂಗಿದ್ದು ಕೇಳಿಸ್ತಾ?"

"ಕೇಳಿಸ್ತು."

"ಮತ್ತೆ?"

"ನೀನು ಕೂಗ್ಲಿ ಅಂತ ಕೂತಿದ್ದೆ ಕಣೋ! ಕರಿಯಣ್ಣ ಯಾಕೆ ಕೂಗ್ಬೇಕು? ಒಂದ್ಸಲ ನಿನ್ ಬಾಯಾಗೆ ಬೀರಣ್ಣ ಅಂತ ಬರ್ಲಿ, ಓಡಿ ಬರಾನ ಅಂತ ಬೀಗದಕೈ ಹಿಡ್ಕಂಡು ಕೂತಿದ್ದೆ. ನೀನು ಬಾಯೇ ಬಿಡ್ಲಿಲ್ಲ. ಆಮೇಲೆ ಎದ್ದು ಬರೋ ಹೊತ್ಗೆ ತಿರುಗಿಸ್ಬಿಟ್ಟಿದ್ರಿ." ಉಸಿರು ಎಳೆದುಕೊಂಡ. "ಇನ್ನೇನ್ ಕೇಳ್ತೀಯ ಕೇಳು. ಬೇಗ ಕೇಳು. ಹೆಗಲು ಸೋಲ್ತೈತೆ."

ಒಂದು ವರ್ಷ ತಿಮ್ಮೇಶ ಅವನ ನೆಪಗಳನ್ನೆಲ್ಲ ತಾನೇ ಊಹಿಸಿಕೊಂಡಿದ್ದ. ನಿದ್ದೆ ಬಂದಿತ್ತು ಅಂದರೆ ಹೀಗೆ ಕೇಳಬೇಕು, ಬೀಗದಕೈ ಕಳೆದಿತ್ತು ಅಂದರೆ ಹಾಗೆ ಕೇಳಬೇಕು ಅಂತ ಪ್ರತಿಯೊಂದಕ್ಕೂ ಬಾಣ ಹೂಡಿ ಇಟ್ಟುಕೊಂಡಿದ್ದ. ನಿಜಕ್ಕೆ ಏನು ಹೇಳಬೇಕು ಅಂತ ಮಾತ್ರ ಯೋಚಿಸಿರಲಿಲ್ಲ. ಜೊತೆಗೆ, ನಾನು ಒಂದು ಸಲ ಕೂಗಿದ್ದರೆ ಅನ್ನುವ ಮುಳ್ಳೊಂದು ಎಲ್ಲಿಂದಲೋ ಬಂದು ಚುಚ್ಚಿತು. ಆ ಮುಳ್ಳು ಚುಚ್ಚಿಸಿದ್ದಕ್ಕೂ ಇವನ ಮೇಲೇ ಸಿಟ್ಟು ಬಂತು. ಇಲ್ಲೇ ನಿಲ್ಲಿಸಬೇಕು ಇವನನ್ನ. ಹೆಗಲು ಕಿತ್ತು ಬೀಳುವವರೆಗೆ ನಿಲ್ಲಿಸಬೇಕು.

ಆಗ ಹಿಂದಿನಿಂದ ಮುದುಕಿ ಪಾದ್ರಿಯ ಕೈ ಬಿಟ್ಟು ಬದಿಗೆ ಬಂದಳು. ಯಾಕೆ ನಿಂತಿರಿ ಅಂತ ಕೇಳಲಿಲ್ಲ. ವಾಲಿದ ಪೆಟ್ಟಿಗೆಯ ಅಂಚಿಗೆ ಎರಡು ಬೆರಳು ಆನಿಸಿ, ಅದು ಜಾರದ ಹಾಗೆ ತಾನೇ ಹಿಡಿಯುತ್ತೇನೆ ಅನ್ನುವಂತೆ ನಿಂತಳು. ಕಣ್ಣೆಲ್ಲ ಆ ಅಂಚಿನ ಮೇಲೆ. ಹಳ್ಳದ ಬದಿಯಲ್ಲಿ ತಾನೂ ಹೀಗೇ, ಒಂದು ಕೈಯಲ್ಲಿ ಮಡಕೆ, ಒಂದು ಕೈ ಚಟ್ಟದ ಬಿದಿರಿಗೆ ಆನಿಸಿ ನಡೆದದ್ದು ತಿಮ್ಮೇಶನಿಗೆ ನೆನಪಾಯಿತು.

ಹಿಡಿ ಒತ್ತಿದ. ಗೇಟು ಕಿರುಗುಟ್ಟಿ ತೆರೆಯಿತು. ಚಿಕ್ಕಬೀರಪ್ಪನಿಗಾಗಿ ಅಲ್ಲ.

ಮಣ್ಣು ಕೊಟ್ಟು ಎಲ್ಲ ಮುಗಿದ ಮೇಲೆ ಮುದುಕಿ ಇಬ್ಬರ ಕೈಯನ್ನೂ ಹಿಡಿದು "ಮೆರ್ಸಿ, ಮೆರ್ಸಿ" ಅಂದಳು. ಇನ್ನೂ ಏನೋ ಬಹಳ ಹೇಳಿದಳು. ತಿಮ್ಮೇಶ ಅವಳ ಮುಖ ನೋಡಲಾರದೆ ಅವಳ ಚಪ್ಪಲಿ ನೋಡಿದ. ಒಬ್ಬೊಬ್ಬರೇ ಇಳಿದು ಹೋದರು.

ಸ್ಮಶಾನದ ಗೋಡೆಯ ಪಕ್ಕ ಹೂಗಿಡಕ್ಕೆ ನೀರು ಹಾಕಲು ಒಂದು ನಲ್ಲಿ, ಹಸಿರು ಕ್ಯಾನು. ಚಿಕ್ಕಬೀರಪ್ಪ ಕ್ಯಾನು ತುಂಬಿಕೊಂಡು ಬಂದು ತಿಮ್ಮೇಶನ ಮುಂದೆ ಬಗ್ಗಿಸಿದ. ಒಟ್ಟಿಗೆ ಹೆಣ ಹೊತ್ತವರು ಒಬ್ಬರ ಕೈಗೊಬ್ಬರು ನೀರು ಹುಯ್ಯಬೇಕು. ಹುಯ್ದರೆ ಹಳೆಯದೆಲ್ಲ ಅಲ್ಲಿಗೆ ಮುಗಿಯಿತು.

ತಿಮ್ಮೇಶ ಕೈ ಹಿಂದಕ್ಕೆ ಕಟ್ಟಿಕೊಂಡ. ನೀರು ನೆಲಕ್ಕೆ ಸುರಿಯಿತು.

"ಬೇಲಿ ಕೀಳಿಸ್ತೀನಿ ಕಣೋ," ಅಂದ ಚಿಕ್ಕಬೀರಪ್ಪ. "ಊರಿಗೆ ಹೋದ ದಿನಾನೇ."

"ಬೇಡ."

"ಮತ್ತೇನ್ ಮಾಡ್ಲಿ ಹೇಳು? ಕಾಲಿಗೆ ಬೀಳ್ಲಾ?"

"ಬೇಲಿ ಇರ್ಲಿ. ಬೀಗಾನೂ ಇರ್ಲಿ. ಬೀಗದಕೈ ನನ್ನತ್ರ ಇರ್ಲಿ."

ಚಿಕ್ಕಬೀರಪ್ಪ ಕ್ಯಾನು ಕೆಳಗಿಟ್ಟ. "ದಿನಾ ಶೆಡ್ಡಿಗೆ ಹೋಗ್ಬೇಕಲ್ಲೋ ನಾನು. ಊರವರ ಹಟ್ಟಿಗೆ ಬಿಟ್ಟು ಬಂದಿರೋ ಕುರೀನ ಮತ್ತೆ ಅಲ್ಲಿಗೇ ಹೊಡೀಬೇಕು."

"ಬಂದು ಕೇಳು. ಮನೆ ಮುಂದೆ ನಿಂತು ಬಾಯಿಬಿಟ್ಟು ಕೂಗು. ಕೊಡ್ತೀನಿ."

"ಎಷ್ಟು ದಿನ?"

ತಿಮ್ಮೇಶ ಅದನ್ನು ಯೋಚಿಸಿರಲಿಲ್ಲ. "ನನಗೆ ಸಾಕು ಅನ್ನಿಸೋಗಂಟ."

ಚಿಕ್ಕಬೀರಪ್ಪ ಆ ಹೊಸ ಗುಣಿಯ ಕಡೆ ಒಮ್ಮೆ ನೋಡಿದ. ಅಂಗಿ ಎತ್ತಿ ಬೀಗದಕೈಯ ಗಂಟಿಗೆ ಉಗುರು ಹಾಕಿದ. ಬೆವರು ಕುಡಿದು ಕಲ್ಲಾದ ಗಂಟು, ಬಿಚ್ಚಲಿಲ್ಲ. ಹಲ್ಲಿಗೆ ಎಟುಕುವ ಜಾಗವಲ್ಲ. ತಿಮ್ಮೇಶ ನೋಡುತ್ತಾ ನಿಂತಿದ್ದ. ಬಿಡು, ಊರಿಗೆ ಹೋಗಿ ಕೊಡು ಅನ್ನಬಹುದಿತ್ತು. ಅನ್ನಲಿಲ್ಲ. ಕೊನೆಗೆ ಚಿಕ್ಕಬೀರಪ್ಪ ಉಡಿದಾರಕ್ಕೇ ಎರಡೂ ಕೈ ಹಾಕಿ ಜಗ್ಗಿದ. ಟಪ್ಪನೆ ಹರಿಯಿತು. ಸಣ್ಣ ಸದ್ದು. ಆದರೆ ಆ ಸದ್ದಿಗೆ ಇಬ್ಬರೂ ಬೆಚ್ಚಿದರು. ಗಂಡಸಿನ ಮೈಯ ಉಡಿದಾರ ಬೇರೆಯವರು ಹರಿಯುವುದು, ಅದೂ ಅವನು ಸತ್ತು ಮಲಗಿದ ಮೇಲೆ. ಅದನ್ನು ಅವನು ನಿಂತುಕೊಂಡು ತಾನೇ ಹರಿದಿದ್ದ.

ಹೆಗಲ ಕಂಬಳಿ ತೆಗೆದು ಪರದೇಶದ ಮಣ್ಣಿನ ಮೇಲೆ ಹಾಸಿ, ಹರಿದ ದಾರದ ಸಮೇತ ಬೀಗದಕೈಯನ್ನು ಅದರ ಮೇಲಿಟ್ಟ. ಕುರಿಯವರಿಗೆ ಕಂಬಳಿ ಮೇಲೆ ಇಟ್ಟದ್ದು ಆಣೆ, ಅದಕ್ಕೆ ಎರಡಿಲ್ಲ. ಇನ್ನು ಅವನು ಬೇರೆ ಬೀಗದಕೈ ಮಾಡಿಸುವುದಿಲ್ಲ, ಬೀಗ ಒಡೆಯುವುದಿಲ್ಲ, ಬೇಲಿ ನುಸುಳುವುದಿಲ್ಲ. ತಿಮ್ಮೇಶ ಬಗ್ಗಿ ಬೀಗದಕೈ ಎತ್ತಿಕೊಂಡ. ಇನ್ನೂ ಮೈಯ ಬಿಸಿ ಇತ್ತು ಅದಕ್ಕೆ. ಪಾಸ್‌ಪೋರ್ಟುಗಳ ಜೊತೆ ಎದೆಯ ಚೀಲಕ್ಕೆ ಹಾಕಿ ಜಿಪ್ಪು ಎಳೆದ. ಎಳೆದ ಮೇಲೆ ಇನ್ನೊಮ್ಮೆ ಮುಟ್ಟಿ ನೋಡಿಕೊಂಡ.

ಔಷಧಿ ಅಂಗಡಿ ತೆರೆದಿತ್ತು. ಮಾತ್ರೆ ತೆಗೆದುಕೊಂಡು ಒಬ್ಬರ ಹಿಂದೆ ಒಬ್ಬರು ತೋಟದ ಮನೆಗೆ ನಡೆದರು. ಓಣಿಯಲ್ಲಿ ಬಿಟ್ಟು ಹೋಗುವ ಯೋಚನೆ ತಿಮ್ಮೇಶನಿಗೆ ಈಗ ಮಕ್ಕಳಾಟದಂತೆ ಕಂಡಿತು.

"ಏನಪ್ಪಾ, ಇಬ್ರೂ ಮಾತಾಡಿದ್ರಾ?" ಅಂದರು ಫಾರೂಕ್ ಸಾಹೇಬರು ಇಬ್ಬರ ಮುಖವನ್ನೂ ನೋಡಿ.

"ಆಡಿದ್ವಿ," ಅಂದ ತಿಮ್ಮೇಶ.

"ಅಲ್ಹಮ್ದುಲಿಲ್ಲಾ! ನನ್ನ ಹೊಟ್ಟೆ ಕೆಟ್ಟಿದ್ದಕ್ಕೂ ಒಂದು ಅರ್ಥ ಬಂತು."

ಚಿಕ್ಕಬೀರಪ್ಪ ಪಂಚೆಯ ಗಂಟು ಬಿಗಿ ಮಾಡಿಕೊಂಡ.

ಊರಿಗೆ ಬಂದ ಮಾರನೆ ದಿನ ಬೆಳಿಗ್ಗೆ ಹೇಮಾವತಿ ಕಾಫಿ ಲೋಟ ತಂದು ಕೊಡುತ್ತಿರುವಾಗ ಹೊರಗಿನಿಂದ ಕೂಗು ಬಂತು.

"ತಿಮ್ಮೇಶಾ..."

ಅವಳ ಕೈ ಅಲ್ಲೇ ನಿಂತಿತು. ಆ ದನಿ ಈ ಮನೆಯ ಮುಂದೆ ಕೇಳಿ ಎಷ್ಟು ಕಾಲವಾಗಿತ್ತು. "ಬೀರಣ್ಣ ಅಲ್ವೇನ್ರೀ? ಮಾತಾಡಿದ್ರಾ ಹಂಗಾದ್ರೆ? ಅಯ್ಯೋ, ಹೇಳಲೇ ಇಲ್ವಲ್ಲ ನೀವು!"

"ತಿಮ್ಮೇಶಾ, ಬೀಗದಕೈ ಕೊಡೋ."

ತಿಮ್ಮೇಶ ಕಾಫಿ ತೆಗೆದುಕೊಂಡು ಒಂದು ಗುಟುಕು ಕುಡಿದ. ಮುಷ್ಟಿಯೊಳಗೆ ಬೀಗದಕೈ ಇತ್ತು. ರಾತ್ರಿಯೇ ತಲೆದಿಂಬಿನ ಅಡಿ ಇಟ್ಟುಕೊಂಡು ಮಲಗಿದ್ದ. ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು. ಯಾರೋ ಕೆಮ್ಮಿದರು. ಊರು ನೋಡಲು ಬರುತ್ತಿತ್ತು. ಬರಲಿ.

"ತಿಮ್ಮೇಶಾ! ಕುರಿ ಒದರ್ತಾವೆ ಕಣೋ, ಕೊಡೋ!"

"ಕೇಳಿಸ್ತಿಲ್ವೇನ್ರೀ ನಿಮಗೆ?" ಅಂದಳು ಹೇಮಾವತಿ.

"ಕೇಳಿಸ್ತು," ಅಂದ ತಿಮ್ಮೇಶ. ಅಂದ ಕೂಡಲೇ ಆ ಮಾತು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಎಲ್ಲಿ ಅಂತಲೂ ಗೊತ್ತಾಯಿತು. ಕಾಫಿ ಬಾಯಲ್ಲಿ ಕಹಿಯಾಯಿತು. ಆದರೂ ಏಳಲಿಲ್ಲ. ಇನ್ನೊಂದು ಸಲ ಕೂಗಲಿ.

ಇನ್ನೊಂದು ಸಲ ಕೂಗು ಬರಲಿಲ್ಲ. ಹೇಮಾವತಿ ಕಿಟಕಿಯಲ್ಲಿ ಬಗ್ಗಿ ನೋಡಿದಳು. "ಹೋಗಿಲ್ಲ ಕಣ್ರೀ. ಸುಮ್ನೆ ನಿಂತವ್ರೆ. ತಲೆ ಬಗ್ಗಿಸ್ಕಂಡು."

ತಿಮ್ಮೇಶ ಎದ್ದು ಹೊರಗೆ ಹೋದ. ಚಿಕ್ಕಬೀರಪ್ಪ ಕೈ ಚಾಚಿದ. ರಾಜಿಯಾಗದವರಿಗೆ ಕೈಯಿಂದ ಕೈಗೆ ಕೊಡುವುದಿಲ್ಲ. ತಿಮ್ಮೇಶ ಬೀಗದಕೈಯನ್ನು ಬಾಗಿಲ ಮುಂದಿನ ಕಲ್ಲಿನ ಮೇಲಿಟ್ಟು ಹಿಂದಕ್ಕೆ ಸರಿದ. ಚಿಕ್ಕಬೀರಪ್ಪ ಹೊಸ ಉಡಿದಾರ ಕಟ್ಟಿಕೊಂಡಿರಲಿಲ್ಲ. ಜಾರುವ ಪಂಚೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಊರೆಲ್ಲ ನೋಡುತ್ತಿರುವಾಗ, ಬಗ್ಗಿ ಅದನ್ನು ಎತ್ತಿಕೊಂಡ.

"ಸಂಜೆ ತಂದು ಇಲ್ಲೇ ಇಡು."

"ಹೂಂ. ನಾಳೆ?"

"ನಾಳೇನೂ ಕೂಗು."

ಅವನು ಹೋದ ಮೇಲೆ ಹೇಮಾವತಿ ಬಾಗಿಲಲ್ಲಿ ನಿಂತು ಕೇಳಿದಳು: "ಅತ್ತೆ ಇದ್ದಿದ್ರೆ ಏನನ್ನೋರು?"

ಏನನ್ನುತ್ತಿದ್ದಳು ಅಂತ ತಿಮ್ಮೇಶನಿಗೆ ಚೆನ್ನಾಗಿ ಗೊತ್ತಿತ್ತು. ಬೀರ, ಒಳಗೆ ಬಾರೋ, ಕಾಫಿ ಕುಡ್ಕಂಡು ಹೋಗು ಅನ್ನುತ್ತಿದ್ದಳು. ಸಂಘಕ್ಕೆ ಹೋಗಬೇಕಾಗಿತ್ತು, ಹೋಗಲಿಲ್ಲ. ಜಗುಲಿಯ ಮೇಲೆ, ಆ ಕಲ್ಲು ಕಾಣುವ ಹಾಗೆ, ಸಂಜೆಯಾಗುವುದನ್ನು ಕಾಯುತ್ತಾ ಕೂತ.